ನನ್ನ ತಂಗಿಯ ಎಕ್ಸ್‌ಚೇಂಜು

ನನ್ನ ತಂಗಿಗೆ ತಲೆ ಕೆಟ್ಟಿದೆ ಎಂದು ಯಾರಾದರೂ ಹೇಳಿದರೆ ನೀವು ನಂಬಬೇಡಿ. ಕೆಡಬೇಕಾದರೆ ಅದು ಮೊದಲು ಒಂದು ದಿನವಾದರೂ ಸರಿಯಿರಬೇಕಲ್ಲ! ಅವಳ ತೊಟ್ಟಿಲು ತೂಗಿದವಳು ನಾನು. ನನಗೆ ಗೊತ್ತಿಲ್ಲದ್ದು ಯಾರಿಗೆ ಗೊತ್ತು?

ಅವಳ ಹೆಸರನ್ನು ಮಾತ್ರ ಕೇಳಬೇಡಿ. ಹೇಳಿದೆನೋ, ಮೈಸೂರಿನ ಆ ತುದಿಯ ಗೋಕುಲಂನಿಂದ ಆಟೋ ಹತ್ತಿ ಈ ತುದಿಯ ಶ್ರೀರಾಂಪುರದ ನನ್ನ ಮನೆಗೆ ಬಂದು, ನಾನು ಈಗಷ್ಟೇ ಒಂದು ಬೆರಳಲ್ಲಿ ಟೈಪು ಮಾಡಲು ಕಲಿತಿರುವ ಈ ಫೋನನ್ನು ಕಿತ್ತುಕೊಂಡು ಹೋದಾಳು. ಹೋಗಲಿ, ಸುಮ್ಮನೆ ಹೋಗುತ್ತಾಳೆಯೇ? ಚಾರ್ಜರನ್ನೂ ಕೇಳುತ್ತಾಳೆ.

ಅವಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಆಪರೇಟರ್ ಆಗಿದ್ದವಳು. ಈಗಿನ ಮಕ್ಕಳಿಗೆ ತಿಳಿಯಲಿ ಎಂದು ಹೇಳುತ್ತೇನೆ. ಆಗ ಪರ ಊರಿಗೆ ಫೋನು ಮಾಡಬೇಕೆಂದರೆ ಎಕ್ಸ್‌ಚೇಂಜಿಗೆ ಹೇಳಿ ಬುಕ್ ಮಾಡಿಸಿ, ಅರ್ಧ ದಿನ ಫೋನಿನ ಪಕ್ಕದಲ್ಲಿ ವ್ರತ ಹಿಡಿದವರ ಹಾಗೆ ಕೂರಬೇಕಿತ್ತು. ಅಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡ ಹೆಂಗಸೊಬ್ಬಳು ಬೋರ್ಡಿನ ಒಂದು ತೂತಿನಿಂದ ಇನ್ನೊಂದು ತೂತಿಗೆ ವೈರು ಚುಚ್ಚಿದರೆ ಮೈಸೂರೂ ಮದರಾಸೂ ಮಾತಾಡುತ್ತಿದ್ದವು. ಮೂರು ನಿಮಿಷವಾಯಿತೋ, ಅದೇ ಹೆಂಗಸು ನಡುವೆ ಬಾಯಿ ಹಾಕಿ, “ಟೈಂ ಆಯ್ತು, ಮುಂದುವರಿಸ್ತೀರಾ?” ಎನ್ನುತ್ತಿದ್ದಳು. ಆ ಹೆಂಗಸೇ ನನ್ನ ತಂಗಿ.

ಆ ಮಾತು ಅವಳ ನಾಲಗೆಗೆ ಎಷ್ಟು ಅಂಟಿಕೊಂಡಿತ್ತೆಂದರೆ, ಅವಳನ್ನು ನೋಡಲು ಬಂದ ಗಂಡಿನ ಕಡೆಯವರು ಜಗುಲಿಯಲ್ಲಿ ಕೂತು ಹುಡುಗನ ಚಿಕ್ಕಪ್ಪನ ಗದ್ದೆ, ಅತ್ತೆಯ ಸಕ್ಕರೆ ಕಾಯಿಲೆ ಎಂದು ಮಾತು ಎಳೆಯುತ್ತಿದ್ದಾಗ, ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದವಳು ಅಭ್ಯಾಸಬಲದಿಂದ, “ಟೈಂ ಆಯ್ತು, ಮುಂದುವರಿಸ್ತೀರಾ?” ಎಂದುಬಿಟ್ಟಳು.

ಅವರು ಮುಂದುವರಿಸಲಿಲ್ಲ.

ಆಮೇಲೆ ಯಾರೂ ಮುಂದುವರಿಸಲಿಲ್ಲ. ಅವಳಿಗೂ ಅದರ ಕೊರಗಿದ್ದಂತೆ ಕಾಣಲಿಲ್ಲ. ಬೋರ್ಡು ಗುಜರಿಗೆ ಹೋಯಿತು, ಅವಳು ರಿಟೈರಾದಳು. ಗೋಕುಲಂನಲ್ಲಿ ಪುಟ್ಟ ಮನೆ ಮಾಡಿ, ಯೋಗ ಕಲಿಯಲು ಬರುವ ವಿದೇಶದವರಿಗೆ ಮಹಡಿ ಬಾಡಿಗೆಗೆ ಕೊಟ್ಟಳು. ಆದರೆ ಬೋರ್ಡಿನ ಬುದ್ಧಿ ಎಲ್ಲಿ ಹೋಗುತ್ತದೆ? ಮದುವೆಮನೆಗೆ ಕರೆದುಕೊಂಡು ಹೋದರೆ ಪರಿಚಯವಿಲ್ಲದ ಇಬ್ಬರನ್ನು ಹುಡುಕಿ, ಎದುರುಬದುರು ಕೂರಿಸಿ, “ಹೂಂ, ಮಾತಾಡಿ” ಎಂದು ಹೇಳಿ ಹಿಂದೆ ಸರಿದು ನಿಲ್ಲುತ್ತಾಳೆ. ಪಾಪ, ಆ ಇಬ್ಬರೂ ಏನು ಮಾತಾಡಬೇಕು?

ಇಂಥವಳು ಹೋದ ವರ್ಷ ಒಂದು ಎಕ್ಸ್‌ಚೇಂಜನ್ನೇ ಶುರು ಮಾಡಿದಳು. ಅದೂ ಗೋಕುಲಂನಲ್ಲಲ್ಲ, ಮೋಡದಲ್ಲಿ! ಅದಕ್ಕೆ ಕಾರಣ ನಮ್ಮಮ್ಮನ ಒಂದು ಹಾಡು. ಅದನ್ನು ಮೊದಲು ಹೇಳಿಬಿಡುತ್ತೇನೆ.

ನಾವು ಮೂವರು ಹೆಣ್ಣುಮಕ್ಕಳು. ಅಕ್ಕ, ನಾನು, ಇವಳು. ಗೌರಿಹಬ್ಬದ ಸಂಜೆ ಆರತಿಗೆ ಅಮ್ಮ ತಾನೇ ಒಂದು ತ್ರಿಪದಿ ಕಟ್ಟಿದ್ದರು. ಮೂರು ಸಾಲು, ಮೂರು ಮಕ್ಕಳು, ಒಬ್ಬೊಬ್ಬರಿಗೆ ಒಂದೊಂದು ಸಾಲು.

ಅಕ್ಕ ಎತ್ತುವುದು: “ಎತ್ತಿದೆ ದೀಪವ ಹಿರಿಯೋಳು ನಾ ನಿಂತು.”

ಆಮೇಲೆ ನಾನು: “ಸುತ್ತು ಮಲ್ಲಿಗೆ ದಂಡೆ ಮುಡಿಸೇನು, ಬಾ ಗೌರಿ.”

ಕೊನೆಗೆ ಇವಳು: “ಹೊತ್ತಾತು, ಒಳಗೆ ಬಾರವ್ವ.”

ಒಂದೊಂದು ಸಾಲು ಮುಗಿದಾಗಲೂ ಮೂವರೂ ಸೇರಿ “ಸೋ... ಸೋಬಾನೆ” ಎಂದು ಉಸಿರಿರುವಷ್ಟು ಎಳೆಯಬೇಕು. ಒಬ್ಬಳ ಸಾಲನ್ನು ಇನ್ನೊಬ್ಬಳು ಹಾಡಕೂಡದು. ಅದು ಅಮ್ಮನ ಕಟ್ಟಪ್ಪಣೆ. “ಅವರವರ ಪಾಲು ಅವರವರಿಗೆ ಕಣ್ರೇ. ಒಬ್ಬಳು ಬರ್ನಿಲ್ಲ ಅಂದ್ರೆ ಆ ಜಾಗ ಖಾಲಿ ಇರ್ಲಿ, ಗೌರಿಗೂ ಗೊತ್ತಾಗ್ಲಿ” ಎನ್ನುತ್ತಿದ್ದರು.

ಅಕ್ಕನಿಗೆ ಮದುವೆಯಾಯಿತು. ಭಾವ ರೈಲ್ವೆಯವರು, ಊರೂರು ಸುತ್ತಿ ಕೊನೆಗೆ ನಾಗಪುರದಲ್ಲಿ ನೆಲೆ ನಿಂತರು. ನನ್ನ ಮದುವೆಯಾಯಿತು. ಮದುವೆಯಾದವಳ ಗೌರಿ ಗಂಡನ ಮನೆಯಲ್ಲೇ ಕೂರಬೇಕಲ್ಲವೇ? ಇವಳಿಗೋ, ಹಬ್ಬದ ದಿನವೇ ಎಕ್ಸ್‌ಚೇಂಜಿನಲ್ಲಿ ಜಾಸ್ತಿ ಕೆಲಸ. ಹೀಗೆ ಅಕ್ಕ ಮದುವೆಯಾಗಿ ಹೋದ ಮೇಲೆ ಮೂವರೂ ಒಂದೇ ಗೌರಿಯ ಮುಂದೆ ನಿಂತದ್ದೇ ಇಲ್ಲ. ಅಕ್ಕ ನಾಗಪುರದಲ್ಲಿ ಮೊದಲ ಸಾಲು ಹಾಡಿ ಸುಮ್ಮನಾಗುತ್ತಾಳೆ. ನಾನು ಇಲ್ಲಿ ಎರಡನೆಯದನ್ನು ಮಾತ್ರ ಹಾಡುತ್ತೇನೆ. ಸೊಸೆ ಬಂದ ಹೊಸತರಲ್ಲಿ ಆರತಿ ತಟ್ಟೆ ಹಿಡಿದು ಪೂರ್ತಿ ಕಾದಳು. ಆಮೇಲೆ ಮೆಲ್ಲಗೆ, “ಅತ್ತೆ, ಮಿಕ್ಕಿದ್ದು ಮರ್ತೋಯ್ತಾ?” ಎಂದು ಕೇಳಿದಳು.

“ಮರ್ತಿಲ್ಲ ಕಣಮ್ಮ, ಅದು ನಂದಲ್ಲ” ಎಂದೆ. ಈ ಮನೆಯಲ್ಲಿ ತಲೆ ಕೆಟ್ಟಿರುವುದು ಚಿಕ್ಕತ್ತೆಗೆ ಮಾತ್ರವಲ್ಲ ಎಂದು ಅವತ್ತೇ ಅವಳಿಗೆ ಖಾತ್ರಿಯಾಗಿರಬೇಕು.

ಹೋದ ವರ್ಷದ ಗೌರಿಹಬ್ಬಕ್ಕೆ ಮೊಮ್ಮಗಳು ನನ್ನ ಫೋನಿನಲ್ಲಿ ಮೂವರ ಮುಖವನ್ನೂ ಒಟ್ಟಿಗೆ ತರಿಸಿದಳು. ಆಹಾ, ಅಕ್ಕನ ಮೂಗುತಿ, ತಂಗಿಯ ಕನ್ನಡಕ, ನನ್ನ ಮೂಗಿನ ಹೊಳ್ಳೆ, ಎಲ್ಲವೂ ಒಂದೇ ಗಾಜಿನಲ್ಲಿ! ಅಕ್ಕ ದೀಪ ಎತ್ತಿ ಮೊದಲ ಸಾಲು ಹಾಡಿದಳು. ಮೂವರೂ ಸೇರಿ “ಸೋ...” ಎಂದೆವು ನೋಡಿ, ಸದ್ದೇ ಇಲ್ಲ! ಬಾಯಿಗಳೆಲ್ಲ ಮೀನಿನ ಬಾಯಿಯ ಹಾಗೆ ತೆರೆದುಕೊಂಡಿವೆ, ದನಿ ಮಾತ್ರ ನಾಪತ್ತೆ. ಮತ್ತೆ ಹಾಡಿದೆವು, ಮತ್ತೆ ನುಂಗಿತು.

ನಾನಾಗಿದ್ದರೆ ಆರತಿ ಮುಗಿಸಿ ಕಡುಬು ತಿನ್ನುತ್ತಿದ್ದೆ. ಇವಳು ಬಿಡುತ್ತಾಳೆಯೇ? ಹಬ್ಬ ಮುಗಿಯುವಷ್ಟರಲ್ಲಿ ಕಾರಣ ಪತ್ತೆ ಹಚ್ಚಿ ಫೋನು ಮಾಡಿದಳು.

“ಗೊತ್ತಾಯ್ತಾ ಕಣೇ? ಉದ್ದಕ್ಕೆ ಒಂದೇ ಸಮ ಎಳೆದ್ರೆ ಅದು ಫ್ಯಾನ್ ಸದ್ದು ಅಂತ ತಿಳ್ಕೊಂಡ್ಬುಡುತ್ತಂತೆ! ತಾನೇ ಅಳಿಸಾಕ್ಬುಡುತ್ತಂತೆ! ಅಮ್ಮನ ಸೋಬಾನೆ ಇವರಿಗೆ ಫ್ಯಾನಂತೆ ಫ್ಯಾನು!”

“ಹೋಗ್ಲಿ ಬುಡೇ, ಪುಕ್ಕಟೆ ಕೊಟ್ಟಿದ್ದಾರೆ...”

“ಪುಕ್ಕಟೆ ಕೊಟ್ಟೋರು ಬಾಯಿ ಮುಚ್ಚುಸ್ತಾರೆ ಅಂತ ನಂಗೆ ಮೊದ್ಲೇ ಗೊತ್ತು. ಇನ್ನೊಬ್ರ ಜಗುಲೀಲಿ ಕೂತು ಹಾಡಿದ್ರೆ ಇಷ್ಟೇ ಕಣೆ. ನಮ್ದೇ ಮಾಡಣ.”

‘ನಮ್ದೇ’ ಎಂದರೆ ಏನೆಂದು ನನಗೆ ಆಗ ತಿಳಿಯಲಿಲ್ಲ. ತಿಳಿದಿದ್ದರೆ ಮಂಡಿ ನೋವಿನ ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ.

ಅವಳ ಮಹಡಿಯಲ್ಲಿ ಆಗ ಜರ್ಮನಿಯ ಹೆಂಗಸೊಬ್ಬಳು ಬಾಡಿಗೆಗಿದ್ದಳು. ತನ್ನ ದೇಶದಲ್ಲಿ ಕಂಪ್ಯೂಟರಿನ ಕೆಲಸ, ಇಲ್ಲಿ ಬೆಳಗ್ಗೆ ಎದ್ದು ಕಾಲನ್ನು ಕತ್ತಿನ ಮೇಲೆ ಹಾಕಿಕೊಳ್ಳುವ ಕೆಲಸ. ವಿಡಿಯೊ ಮೀಟಿಂಗ್ ನಡೆಸುವ ಸಾಫ್ಟ್‌ವೇರ್ ಯಾರು ಬೇಕಾದರೂ ತೆಗೆದುಕೊಳ್ಳುವ ಹಾಗೆ ಬಿಟ್ಟಿದ್ದಾರೆ, ಬಾಡಿಗೆಗೆ ಒಂದು ಸರ್ವರ್ ಹಿಡಿದು ಅದರಲ್ಲಿ ಹಾಕಿಕೊಂಡರೆ ನಿನ್ನ ಮನೆಗೆ ನೀನೇ ಯಜಮಾನಿ, ಫ್ಯಾನ್ ಅಳಿಸುವ ಗುಂಡಿಯನ್ನು ನೀನೇ ಆರಿಸಬಹುದು ಎಂದು ಅವಳು ಹೇಳಿಕೊಟ್ಟಳು. ಅವಳು ಉಸಿರು ಬಿಗಿಹಿಡಿಯುವುದನ್ನು ಕಲಿತು ಊರಿಗೆ ಹೋದಳು. ಇವಳು ಸರ್ವರ್ ಕಲಿತು ನಮ್ಮೆಲ್ಲರ ಉಸಿರು ಬಿಗಿಹಿಡಿಸಿದಳು.

“ಎಲ್ಲಿಟ್ಟಿದ್ದೀಯೆ ಅದನ್ನ? ಅಟ್ಟದ ಮೇಲಾ?” ಎಂದು ಕೇಳಿದೆ.

“ಕ್ಲೌಡಲ್ಲಿ ಕಣೆ. ಮೋಡ.”

“ಮೋಡ ಅಂದ್ರೆ?”

“ಮುಂಬೈ.”

ಮುಂಬೈಯ ಯಾವುದೋ ದೊಡ್ಡ ಕಟ್ಟಡದಲ್ಲಿ ಸಾಲುಸಾಲು ಯಂತ್ರಗಳಿವೆಯಂತೆ. ಅವುಗಳಲ್ಲಿ ಒಂದರ ಒಂದು ಮೂಲೆ ಇವಳದಂತೆ. ಮೊದಲು ಅಮೆರಿಕದ ಮೂಲೆ ಹಿಡಿದಿದ್ದಳು. ನಾನು ಬಾಗಿಲು ತಟ್ಟಿದರೆ ಆ ಸದ್ದು ಕಡಲು ದಾಟಿ ಹೋಗಿ, ಅಲ್ಲಿ ಕಾಫಿ ಕುಡಿದು ವಾಪಸು ಬಂದು ಬಾಗಿಲು ತೆರೆಯುವಷ್ಟರಲ್ಲಿ ನಾನು ಏಕೆ ಬಂದೆನೆಂಬುದೇ ನನಗೆ ಮರೆತುಹೋಗಿರುತ್ತಿತ್ತು. ಆಮೇಲೆ ಮುಂಬೈಗೆ ಬಿಡಾರ ಬದಲಾಯಿಸಿದಳು.

ದಸರಾ ಬಂತು. ಮೈಸೂರಿನಲ್ಲಿ ಸೈಕಲ್ಲು, ಸುತ್ತಿಗೆ, ಈಳಿಗೆಮಣೆ, ಎಲ್ಲಕ್ಕೂ ಆಯುಧಪೂಜೆ ಆಗುವಾಗ ಇವಳ ಸರ್ವರ್ ಮಾಡಿದ ಪಾಪವೇನು? ಆದರೆ ಮುಂಬೈಯಲ್ಲಿರುವ ಯಂತ್ರಕ್ಕೆ ಕುಂಕುಮ ಇಡುವುದು ಹೇಗೆ? ಲ್ಯಾಪ್‌ಟಾಪಿಗೆ ಸೇವಂತಿಗೆ ಹಾರ ಹಾಕಿ, ಕುಂಕುಮ ಇಟ್ಟು, ನಿಂಬೆಹಣ್ಣು ಕುಯ್ದು, ಬೂದುಗುಂಬಳಕಾಯಿ ಒಡೆದಳು. “ಅಲ್ಲಿಗೆ ಮುಟ್ಟುತ್ತಾ ಕಣೆ?” ಎಂದೆ. “ನನ್ನ ಬೈಗುಳ ಮುಟ್ಟುತ್ತೆ, ಕುಂಕುಮ ಮುಟ್ಟಲ್ವಾ?” ಎಂದಳು. ಕುಂಕುಮ ಮುಂಬೈಗೆ ಮುಟ್ಟಿತೋ ಇಲ್ಲವೋ, ಲ್ಯಾಪ್‌ಟಾಪಿನ ಗುಂಡಿಗಳ ಸಂದಿಗಂತೂ ಚೆನ್ನಾಗಿ ಮುಟ್ಟಿತು. ಇವತ್ತಿಗೂ ಅದರ ಒಂದು ಗುಂಡಿ ಒತ್ತಿದರೆ ಬೆರಳು ಕೆಂಪಾಗುತ್ತದೆ.

ಇನ್ನೊಂದು ಸೊಗಸು ಕೇಳಿ. ನಮ್ಮ ಮನೆಯಲ್ಲಿ ಯಾರೂ ಇಲ್ಲದ ಕೋಣೆಯಲ್ಲಿ ದೀಪ ಉರಿಯಕೂಡದು ಎಂದು ಅಪ್ಪ ಕಲಿಸಿದ್ದರು. ಹಾಗಾಗಿ ಇವಳು ನನ್ನ ಜೊತೆ ಮಾತು ಮುಗಿದ ಕೂಡಲೇ ಮುಂಬೈಯ ಯಂತ್ರವನ್ನೂ ಆರಿಸಿಬಿಡುತ್ತಿದ್ದಳು. ಅದು ಎಂಥ ಸ್ವಾಭಿಮಾನಿ ಯಂತ್ರವೋ! ಒಮ್ಮೆ ಆರಿಸಿ ಹಚ್ಚಿದರೆ ಹಳೆಯ ಮನೆ ನಂಬರನ್ನೇ ಬಿಟ್ಟುಬಿಡುತ್ತಿತ್ತು. ದಿನಾ ಹೊಸ ನಂಬರು, ಉದ್ದಕ್ಕೆ, ನಡುನಡುವೆ ಚುಕ್ಕಿ ಇಟ್ಟುಕೊಂಡು. ದಿನಾ ಬೆಳಗ್ಗೆ ಇವಳು ಮಾಮೂಲಿ ಫೋನು ಮಾಡಿ ಆ ನಂಬರನ್ನು ಓದುವಳು. ನಾನು ಅಡಿಗೆಮನೆಯ ಗೋಡೆಗೆ ಸೀಮೆಸುಣ್ಣದಲ್ಲಿ ಬರೆದುಕೊಳ್ಳುವೆ. ಸೊಸೆ ಅದನ್ನು ಒರೆಸುವಳು.

“ಅಲ್ಲ ಕಣೇ, ಹೆಂಗಿದ್ರೂ ಫೋನ್ ಮಾಡಿದ್ದೀಯ. ಇದ್ರಲ್ಲೇ ಮಾತಾಡ್ಬುಟ್ರೆ ಆಗಲ್ವಾ?”

“ಥೂ, ಇದು ಬರೀ ಫೋನು!” ಎಂದು ಫೋನು ಕುಕ್ಕುತ್ತಿದ್ದಳು.

ಆ ನಂಬರು ಒತ್ತಿದರೆ ಕೆಂಪು ಅಕ್ಷರದಲ್ಲಿ ಎಚ್ಚರಿಕೆ ಬರುತ್ತಿತ್ತು: ಈ ಜಾಗ ಸುರಕ್ಷಿತವಲ್ಲ, ಇಲ್ಲಿ ಯಾರಾದರೂ ನಿಮಗೆ ಮೋಸ ಮಾಡಬಹುದು! ಹೆದರಿ ಫೋನನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟೆ. “ಮೋಸ ಮಾಡೋದಕ್ಕೆ ಅಲ್ಲಿ ಇರೋಳು ನಾನೊಬ್ಳೇ ಕಣೆ, ಬಾ” ಎಂದಳು ತಂಗಿ. ಚಿಕ್ಕಂದಿನಲ್ಲಿ ನನ್ನ ಪಾಲಿನ ಕೊಬ್ಬರಿಮಿಠಾಯಿ ಏನಾಗುತ್ತಿತ್ತೆಂದು ಬಲ್ಲವಳು ನಾನು. ಆ ಕೆಂಪು ಅಕ್ಷರ ಹೇಳಿದ್ದು ನಿಜವೆಂದೇ ಇಂದಿಗೂ ನನ್ನ ನಂಬಿಕೆ. ಅಂತೂ ಕೊನೆಗೆ ಒಂದು ಕಾಯಂ ನಂಬರು, ಒಂದು ಹೆಸರು ಎರಡೂ ಹಾಕಿಸಿಕೊಂಡಳು. ನಮ್ಮ ಗೋಡೆ ಬದುಕಿತು.

ಇದೆಲ್ಲ ನಗುನಗುತ್ತಾ ನಡೆಯುತ್ತಿರುವಾಗಲೇ ನಾಗಪುರದಿಂದ ಅಕ್ಕ ಫೋನು ಮಾಡಿ, ಗಂಟಲಲ್ಲಿ ಒಂದು ಗಡ್ಡೆ ಎದ್ದಿದೆ, ತೆಗೆಯಬೇಕಂತೆ ಎಂದಳು. ಜೀವಕ್ಕೇನೂ ಭಯವಿಲ್ಲವಂತೆ. ಆದರೆ ದನಿಯ ನರ ಅದಕ್ಕೆ ಅಂಟಿಕೊಂಡೇ ಹಾದುಹೋಗಿದೆಯಂತೆ. ದನಿ ಉಳಿದರೂ ಉಳಿಯಬಹುದು, ಹೋದರೂ ಹೋಗಬಹುದು ಎಂದಿದ್ದರು ಡಾಕ್ಟರು.

“ಹೋದ್ರೆ ಹೋಗ್ಲಿ ಬುಡ್ರೇ” ಎಂದು ಅಕ್ಕನೇ ನಕ್ಕಳು. “ನನ್ನ ಸೊಸೆ ದೇವರಿಗೆ ತುಪ್ಪದ ದೀಪ ಹಚ್ತಾಳೆ.”

ನಾವಿಬ್ಬರೂ ಹೊರಟು ಬರುತ್ತೇವೆ ಎಂದರೆ ಒಪ್ಪಲಿಲ್ಲ. “ಈಗ ಬಂದು ನನ್ನ ಮಂಚದ ಸುತ್ತ ಗೋಳಾಡ್ಬೇಡಿ. ಎಲ್ಲ ಆದ್ಮೇಲೆ ಬನ್ನಿ” ಎಂದಳು. ಆಪರೇಷನ್ ದೀಪಾವಳಿ ಕಳೆದ ಮೇಲೆ ಎಂದು ಗೊತ್ತುಮಾಡಿದ್ದರು.

ನಾನು ಅತ್ತುಬಿಟ್ಟೆ. ತಂಗಿ ಅಳಲಿಲ್ಲ. “ದೀಪಾವಳಿ ದಿನ ಮೂವರೂ ಹಾಡ್ಬೇಕು. ಅಕ್ಕನ ದನಿ ಇರೋವಾಗ್ಲೇ, ಒಂದ್ಸಲ, ಪೂರ್ತಿ” ಎಂದಳು. ಆಮೇಲೆ ಅವಳಿಗೆ ಊಟ ನಿದ್ದೆ ನೆನಪಿತ್ತೋ ಇಲ್ಲವೋ ದೇವರೇ ಬಲ್ಲ.

ದಿನಾ ಪರೀಕ್ಷೆ ಶುರುವಾಯಿತು. ಪರೀಕ್ಷೆಗೆ ಬಲಿ ಯಾರು? ನಾನೇ! ಬೆಳಗ್ಗೆ ಹಾಲು ಕಾಯುವಾಗ ಒಮ್ಮೆ, ಮಧ್ಯಾಹ್ನ ಕಣ್ಣು ಎಳೆಯುವಾಗ ಒಮ್ಮೆ. “ಕೇಳ್ತಿದೆಯಾ? ‘ಸೋ’ ಅನ್ನು. ಇನ್ನೂ ಉದ್ದ. ಈಗ ಮಿಕ್ಸಿ ಹಾಕ್ಕೊಂಡು ‘ಸೋ’ ಅನ್ನು.” ಮಿಕ್ಸಿಗೆ ಸಮಸಮವಾಗಿ ನಾನು “ಸೋ...” ಎಂದು ಕೂಗುತ್ತಿದ್ದರೆ ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಇಣುಕಿ, “ಏನ್ರಮ್ಮಾ, ಮೈಮೇಲೆ ದೇವರು ಬರೋದು ಯಾವಾಗಿಂದ?” ಎಂದು ಕೇಳಿದರು.

ಆದರೆ ನಿಜ ಹೇಳಬೇಕು. ಎಂಥ ಸೊಗಸಾಗಿ ಕೇಳುತ್ತಿತ್ತು ಅಂತೀರಿ! ನನ್ನ ದನಿ, ಅವಳ ದನಿ, ಎಳೆದಷ್ಟೂ ಎಳೆ ಕಡಿಯುತ್ತಿರಲಿಲ್ಲ. ಅವಳು ಉಸಿರೆಳೆದುಕೊಳ್ಳುವುದೂ ನನ್ನ ಕಿವಿಗೆ ಬೀಳುತ್ತಿತ್ತು.

“ದೀಪಾವಳಿಗೆ ನಾನೇ ಗೋಕುಲಂಗೆ ಬಂದ್ಬುಡ್ತೀನಿ ಕಣೆ. ಇಬ್ರೂ ಒಂದೇ ಕಡೆ ಕೂತು ಹಾಡಣ” ಎಂದೆ ಒಂದು ದಿನ.

“ಬರ್ಕೂಡ್ದು! ಅವರವರ ಮನೇಲಿ ಅವರವರ ದೀಪ ಹಚ್ಕೊಂಡು, ಮೂರು ಮನೆಯಿಂದ ಮೂವರು. ಇಲ್ದಿದ್ರೆ ನಾನು ಇಷ್ಟು ದಿನ ಮಾಡಿದ್ದು ಯಾತಕ್ಕೆ?”

ದೀಪಾವಳಿಗೆ ಇನ್ನೂ ಕೆಲವು ದಿನವಿತ್ತು. ಒಂದು ಬೆಳಗ್ಗೆ ಅಕ್ಕನ ಫೋನು. ಡಾಕ್ಟರು ಹಬ್ಬದ ಮೇಲೆ ಊರಲ್ಲಿರುವುದಿಲ್ಲವಂತೆ. ಇವತ್ತೇ ಬಂದು ಸೇರಿಕೊಳ್ಳಿ, ನಾಳೆ ಆಪರೇಷನ್ ಎಂದಿದ್ದಾರೆ. ಮಗ ಆಗಲೇ ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತಿದ್ದಾನೆ.

“ಅವಳದ್ದು ರೆಡಿ ಇದ್ಯೇನೇ? ಒಂದು ಚಿಟಿಕೆ ಹೊತ್ತು ಹಾಡ್ಬುಡಣ” ಎಂದಳು ಅಕ್ಕ. ದನಿ ಆಗಲೇ ಒಡೆದಿತ್ತು. ಅದು ಗಡ್ಡೆಗೋ, ಭಯಕ್ಕೋ.

ಗೋಕುಲಂಗೆ ಆಟೋ ಹಿಡಿಯಲು ಪುರುಸೊತ್ತೆಲ್ಲಿ? ನಾನು ಕೈ ಒರೆಸಿಕೊಂಡು ಫೋನು ಎತ್ತಿಕೊಂಡೆ. ತಂಗಿ ಆಗಲೇ ಒಳಗಿದ್ದಳು, ಸೆರಗು ಹೊದ್ದು, ಕುಂಕುಮ ಇಟ್ಟುಕೊಂಡು. ಇಬ್ಬರೂ ಒಬ್ಬರಿಗೊಬ್ಬರು ಚೆನ್ನಾಗಿ ಕಂಡೆವು. “ಸೋ” ಎಂದೆ, “ಸೋ” ಎಂದಳು.

ಅಕ್ಕ ಒಳಗೆ ಬಂದಳು.

ಬಂದ ಕ್ಷಣವೇ ಮೂವರ ಮುಖವೂ ಮಾಯ! ಮೂರು ಕಪ್ಪು ಚೌಕ. ಸದ್ದಿಲ್ಲ, ಚಿತ್ರವಿಲ್ಲ. ಅಕ್ಕ ಹೊರಗೆ ಹೋದರೆ ತಂಗಿ ಕಾಣುತ್ತಾಳೆ. ಅಕ್ಕ ಬಂದರೆ ಎಲ್ಲ ಕತ್ತಲು. ತಂಗಿ ಹೊರಗೆ ಹೋದಳು. ಆಹಾ, ಅಕ್ಕ ಕಂಡಳು! ತಂಗಿ ಮತ್ತೆ ಬಂದಳು, ಮತ್ತೆ ಕತ್ತಲು. ಯಾವ ಇಬ್ಬರಾದರೂ ಸರಿ, ಮೂರನೆಯವಳು ಹೊಸ್ತಿಲು ತುಳಿದರೆ ದೀಪ ಆರುತ್ತಿತ್ತು.

ಅತ್ತ ನಾಗಪುರದಲ್ಲಿ ಮಗ, “ಅಮ್ಮಾ, ಹೊತ್ತಾಯ್ತು” ಎನ್ನುತ್ತಿದ್ದ.

ಮಾಮೂಲಿ ಫೋನಿನಲ್ಲಿ ತಂಗಿ ನನಗೆ ಹೇಳಿದಳು: “ನಾನು ಆಚೆ ಇರ್ತೀನಿ. ನೀವಿಬ್ರೂ ಹಾಡಿ.”

ಹಾಡಿದೆವು. ಅಕ್ಕ ದೀಪ ಎತ್ತಿದಳು, ನಾನು ಮಲ್ಲಿಗೆ ಮುಡಿಸಿದೆ. ಮೂರನೆಯ ಸಾಲಿನ ಜಾಗದಲ್ಲಿ ಇಬ್ಬರೂ ಸುಮ್ಮನೆ ಒಬ್ಬರನ್ನೊಬ್ಬರು ನೋಡಿದೆವು. ಆಮೇಲೆ ನಾನು ಹೊರಗೆ ಬಂದು, “ಹೋಗೇ, ನೀನು ಹೋಗು” ಎಂದೆ. ಅವಳು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆಲ್ಲ ಅಕ್ಕ ಹೊರಟುಬಿಟ್ಟಳು.

ಮಾರನೆಯ ದಿನ ಆಪರೇಷನ್ ಆಯಿತು. ಗಡ್ಡೆ ಹೊರಗೆ ಬಂತು. ದನಿ ಹೋಯಿತು. ಮೆಲ್ಲಮೆಲ್ಲಗೆ ವಾಪಸು ಬರಬಹುದು, ಕಾಯಬೇಕು ಎಂದರಂತೆ.

ತಂಗಿ ನನ್ನ ಫೋನು ಎತ್ತಲಿಲ್ಲ. ಪರೀಕ್ಷೆ ಇಲ್ಲ, ಮಿಕ್ಸಿ ಇಲ್ಲ. ಹಾಲು ಸುಮ್ಮನೆ ತನ್ನ ಪಾಡಿಗೆ ಕಾಯುತ್ತಿತ್ತು. ಇಂಥ ನೆಮ್ಮದಿ ಯಾರಿಗೆ ಬೇಕಿತ್ತು?

ಕೊನೆಗೆ ಒಂದು ಮಧ್ಯಾಹ್ನ ಆಟೋದಲ್ಲಿ ಬಂದಿಳಿದಳು. ಅಡಿಗೆಮನೆಯಲ್ಲಿ ನೆಲದ ಮೇಲೆ ಕೂತು, ನಾನು ಸೋಸುತ್ತಿದ್ದ ಸೊಪ್ಪನ್ನು ತಾನೂ ಸೋಸತೊಡಗಿದಳು.

“ಏನಾಗಿತ್ತು ಗೊತ್ತಾ?” ಎಂದಳು. “ಇಬ್ರೇ ಇದ್ರೆ ಆ ಸರ್ವರ್ ಏನೂ ಮಾಡಲ್ಲ ಕಣೆ. ಇಬ್ರನ್ನೂ ಪರಿಚಯ ಮಾಡಿ ತಾನು ಪಕ್ಕಕ್ಕೆ ಸರೀತದೆ. ಅವರಿಬ್ರೂ ನೇರ ಮಾತಾಡ್ಕೊತಾರೆ. ಮೂರು ಜನ ಆದ್ರೆ ಎಲ್ರೂ ಸರ್ವರ್ ಒಳಗಿಂದ್ಲೇ ಹಾದು ಹೋಗ್ಬೇಕು. ಅದಕ್ಕೆ ಬೇರೆ ಬಾಗ್ಲು. ನಾನು ಆ ಬಾಗ್ಲು ತೆಗ್ದೇ ಇರ್ಲಿಲ್ಲ.”

“ಅಷ್ಟು ದಿನ ಪರೀಕ್ಷೆ ಮಾಡಿದ್ಯಲ್ಲೇ!”

“ನಿನ್ನೊಬ್ಳ ಜೊತೆ ಮಾಡ್ದೆ. ಯಾವಾಗ್ಲೂ ಇಬ್ರೇ.” ಸೊಪ್ಪಿನ ಕಡ್ಡಿ ಮುರಿದಳು. “ಲೈನ್ ಅಂದ್ರೆ ಎರಡು ತುದಿ ಅಂತ ತಲೇಲಿ ಕೂತ್ಬುಟ್ಟಿದೆ ಕಣೆ. ಸರ್ವೀಸ್ ಪೂರ್ತಿ ಇಬ್ಬಿಬ್ರನ್ನೇ ಸೇರ್ಸಿದ್ದು. ಲೈನಲ್ಲಿ ಮೂರನೇರು ಅಂದ್ರೆ ಯಾರು ಹೇಳು? ಆಪರೇಟ್ರು. ಅವಳು ಬಾಯಿ ಬುಡೋ ಹಂಗಿಲ್ಲ. ಜನ ಅಳ್ತಾರೆ, ಮಗು ಹುಟ್ತು ಅಂತಾರೆ, ಅಪ್ಪ ಹೋದ್ರು ಅಂತಾರೆ. ಎಲ್ಲ ಕಿವೀಲೇ ಇರ್ತದೆ. ನಾವು ಇಲ್ಲ ಅನ್ನೋ ಹಂಗೆ ಕೂತಿರ್ಬೇಕು. ಮೂರನೇರಿಗೆ ಬಾಗ್ಲು ಬೇಕು ಅಂತ ನಂಗೆ ಹೊಳೀಲೇ ಇಲ್ಲ.”

ಅವಳು ಮುರಿದ ಕಡ್ಡಿಗಳನ್ನು ನಾನು ಒಂದು ಕಡೆ ಒಟ್ಟುಮಾಡಿದೆ.

“ನೀನು ಅವತ್ತು ಹಾಡಿದ್ಯಾ? ಅಕ್ಕನ ಜೊತೆ?” ಎಂದು ಕೇಳಿದೆ.

ಅವಳು ಸೊಪ್ಪಿನ ಮೇಲಿಂದ ಕಣ್ಣೆತ್ತಲಿಲ್ಲ. “ಅಕ್ಕ ಅವಳ ಸಾಲು ಹಾಡಿದ್ಳು. ನಿನ್ನ ಸಾಲಿಗೆ ಕಾದ್ವಿ. ನಂದು ಬಂತು. ನಾನು... ‘ಅಕ್ಕಾ, ಕೇಳ್ತಿದೆಯಾ? ಸರಿಯಾಗಿ ಕೇಳ್ತಿದೆಯಾ?’ ಅಂತ ಕೇಳ್ತಾ ಕೂತೆ. ಅಷ್ಟೊತ್ಗೆ ಅವಳ ಮಗ ಫೋನ್ ತಗೊಂಡ.”

ನಾನು ಕೊತ್ತಂಬರಿ ಯಾವುದು ಕಳೆ ಯಾವುದು ನೋಡದೆ ಎಲ್ಲವನ್ನೂ ಒಂದೇ ತಟ್ಟೆಗೆ ಹಾಕಿದೆ. ಅವತ್ತಿನ ಸಾರು ಹೇಗಿತ್ತೆಂದು ಸೊಸೆಯನ್ನು ಕೇಳಿ.

ನಾಗಪುರಕ್ಕೆ ಟಿಕೆಟ್ ಮಾಡಿಸೋಣ ಎಂದೆ. ಆದರೆ ಡಾಕ್ಟರು ಅಕ್ಕನಿಗೆ ಜನ ಸೇರುವುದು, ಮಾತಾಡಿಸುವುದು ಎರಡೂ ಬೇಡವೆಂದಿದ್ದರು. ನಮ್ಮಿಬ್ಬರನ್ನು ಕಂಡು ಅಕ್ಕ ಮಾತಾಡದೆ ಇರುವುದುಂಟೇ? ದೀಪಾವಳಿ ಕಳೆಯಿತು. ಕಾರ್ತಿಕದ ದೀಪಗಳೂ ಆರಿದವು. ಸಂಕ್ರಾಂತಿಗೆ ಎಳ್ಳು ಬೀರಿ ಬಂದ ಸಂಜೆ ಅಕ್ಕನ ಮೊಮ್ಮಗನ ಮೆಸೇಜು ಬಂತು: ಅಜ್ಜಿ ನಿಮ್ಮನ್ನೆಲ್ಲ ನೋಡಬೇಕಂತೆ, ಚಿಕ್ಕಜ್ಜಿಯ ಮನೆಯಲ್ಲೇ ಸೇರಬೇಕಂತೆ.

ಚಿಕ್ಕಜ್ಜಿಯ ಮನೆಯೆಂದರೆ ಮುಂಬೈಯದು!

ಮೂರನೆಯವರ ಬಾಗಿಲು ತೆಗೆದಿದ್ದೇನೆ ಎಂದಿದ್ದ ತಂಗಿ ಮೊದಲೇ ಒಳಗಿದ್ದಳು. ನಾನು ಹೋದೆ. ಅಕ್ಕ ಬರುವಾಗ ಕಣ್ಣು ಮುಚ್ಚಿಕೊಂಡೆ. ತೆರೆದು ನೋಡಿದರೆ ಮೂರು ಮುಖ! ಅಕ್ಕ ಎಷ್ಟು ಇಳಿದುಹೋಗಿದ್ದಳು. ಕತ್ತಿನ ಗೆರೆ ಮುಚ್ಚಲು ಸೆರಗನ್ನು ಮಫ್ಲರಿನ ಹಾಗೆ ಸುತ್ತಿಕೊಂಡಿದ್ದಳು. ಕೈಯಲ್ಲಿ ದೀಪ. ಸಂಕ್ರಾಂತಿಗೆ ಯಾವ ಗೌರಿ, ಯಾವ ಆರತಿ? ಕೇಳುವವರು ಯಾರು?

ಅಕ್ಕನೇ ಕೈ ಸನ್ನೆ ಮಾಡಿದಳು: ಶುರು ಮಾಡೋಣ.

ಮೊದಲ ಸಾಲು ಅಕ್ಕನದು. ನಾವು ಎತ್ತಿಕೊಡಬಹುದಿತ್ತು. ನನ್ನ ತುಟಿಯವರೆಗೂ ಬಂತು. ತಂಗಿ ನನ್ನನ್ನು ನೋಡಿ ಮೆಲ್ಲಗೆ ತಲೆ ಅಲ್ಲಾಡಿಸಿದಳು. ಬೇಡ. ಇಬ್ಬರೂ ಸುಮ್ಮನೆ ಕೂತೆವು. ಫ್ಯಾನ್ ಆರಿಸಿದ್ದೆ. ಸೊಸೆ ಕುಕ್ಕರ್ ಕೆಳಗಿಳಿಸಿದ್ದಳು.

ಅಕ್ಕನ ತುಟಿ ಅಲುಗಿತು. ನನ್ನ ಕಿವಿಗೆ ಏನೂ ಬೀಳಲಿಲ್ಲ. ಫೋನನ್ನು ಕಿವಿಗೆ ಒತ್ತಿಕೊಂಡೆ, ಏನೂ ಇಲ್ಲ. ಮತ್ತೆ ಎದುರಿಗೆ ಹಿಡಿದು ನೋಡಿದೆ. ಅಕ್ಕನ ಚೌಕದ ಸುತ್ತ ತೆಳ್ಳಗೆ ಒಂದು ನೀಲಿ ಗೆರೆ ಮೂಡಿತ್ತು.

“ಇದೇನೇ?” ಎಂದು ಪಿಸುಗುಟ್ಟಿದೆ.

“ಯಾರ ದನಿ ಬರ್ತಿದ್ಯೋ ಅವರ ಸುತ್ತ ಬರ್ತದೆ ಕಣೆ” ಎಂದಳು ತಂಗಿ. “ಸುಮ್ನಿರು. ಅಕ್ಕ ಹಾಡ್ತಿದ್ದಾಳೆ.”

ಅಕ್ಕನ ತುಟಿ ನಿಂತಿತು. ಸೋಬಾನೆ ಎಳೆದು, ನಾನು ನನ್ನ ಸಾಲು ಹಾಡಿದೆ. ಅಪಸ್ವರ, ಗೊರಗೊರ, ನಡುವೆ ಒಂದು ಬಿಕ್ಕಳಿಕೆ. ಹೇಗೋ ಮಲ್ಲಿಗೆ ಮುಡಿಸಿದೆ.

ಮೂರನೆಯ ಸಾಲು ಬರಲಿಲ್ಲ. ತಂಗಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಿದ್ದಳು, ಒರೆಸುತ್ತಲೇ ಇದ್ದಳು. ನಾಗಪುರದಲ್ಲಿ ಅಕ್ಕ ಆರತಿ ತಟ್ಟೆ ಕೆಳಗಿಡದೆ ಕಾದಳು. ಶ್ರೀರಾಂಪುರದಲ್ಲಿ ನಾನೂ ಕಾದೆ. ನಮಗೇನು ಅವಸರ?